ಐವತ್ತು ರೂಪಾಯಿ ಅರ್ಜಿ, ಐವತ್ತು ವರ್ಷದ ಕಾಗದ: ಸಿಎಎ ಪೌರತ್ವ ಪೋರ್ಟಲ್ ಹೇಗಿದೆ?

ತೀರ್ಪು ಮೊದಲೇ ಹೇಳಿಬಿಡೋಣ. ಕಾಗದ ಕೈಯಲ್ಲಿರುವವರಿಗೆ ಈ ಪೋರ್ಟಲ್ ಒಂದು ಮಧ್ಯಾಹ್ನದ ಕೆಲಸ. ಕಾಗದ ಇಲ್ಲದವರಿಗೆ, ಅಥವಾ ಕಾಗದ ಇದ್ದೂ ಒಂದರಲ್ಲಿರುವ ಹೆಸರು ಇನ್ನೊಂದರಲ್ಲಿ ಇಲ್ಲದವರಿಗೆ, ತಿಂಗಳುಗಟ್ಟಲೆ ಅಲೆದಾಟ. ಕಂಪ್ಯೂಟರ್ ಮುಂದೆ ಕೂರುವ ಕೆಲಸ ಕೊನೆಯದು. ನಿಜವಾದ ಕೆಲಸ ಇರುವುದು ಮನೆಯ ಟ್ರಂಕಿನಲ್ಲಿ.

ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ಪೌರತ್ವ ಕೊಡುವ ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) 2019ರಲ್ಲಿ ಬಂತು. ಅರ್ಜಿ ಹಾಕುವ ದಾರಿ ತೆರೆದದ್ದು ಮಾತ್ರ 2024ರ ಮಾರ್ಚ್ 11ರಂದು, ನಿಯಮಗಳು ಪ್ರಕಟವಾದಾಗ. ಎರಡು ತಿಂಗಳ ನಂತರ, ಮೇ 15ರಂದು, ದೆಹಲಿಯಲ್ಲಿ 14 ಮಂದಿಗೆ ಮೊದಲ ಪ್ರಮಾಣಪತ್ರ ಸಿಕ್ಕಿತು. ಅದೇ ವರ್ಷ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ನಿರಾಶ್ರಿತರ ಪುನರ್ವಸತಿ ನೆಲೆಗಳಾದ ಆರ್‌.ಎಚ್. ಕ್ಯಾಂಪ್‌ಗಳ ಐವರಿಗೂ ಬಂತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದುಕೊಂಡು ಅರ್ಧ ಶತಮಾನ ಕಳೆದ ಬಂಗಾಳಿ ಕುಟುಂಬಗಳು ಅವು. ಅಂದರೆ ಕರ್ನಾಟಕದಲ್ಲೂ ಈ ದಾರಿ ನಡೆಯುತ್ತದೆ ಎಂಬುದು ಖಾತ್ರಿಯಾದಂತಾಯಿತು.

ಲಾಗಿನ್ ಮಾಡುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಿಮಗೆ ಈ ಅರ್ಜಿ ಬೇಕೇ? ಇದನ್ನು ಯಾರೂ ಕೇಳುವುದಿಲ್ಲ, ಪೋರ್ಟಲ್ ಅಂತೂ ಕೇಳುವುದೇ ಇಲ್ಲ. ಅರ್ಜಿಗೆ ಸಹಿ ಹಾಕುವುದೆಂದರೆ 'ನಾನು ಇನ್ನೊಂದು ದೇಶದ ಪ್ರಜೆ' ಎಂದು ಬರೆದುಕೊಟ್ಟಂತೆ. ಆಗಲೇ ಭಾರತೀಯರಾಗಿರುವವರು ಹೀಗೆ ಬರೆದುಕೊಡುವುದು ಇಲ್ಲದ ತೊಂದರೆಯನ್ನು ಕರೆದು ಕೂರಿಸಿಕೊಂಡ ಹಾಗೆ.

ಕ್ಯಾಂಪಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಜ್ಜ ಪೂರ್ವ ಪಾಕಿಸ್ತಾನದಿಂದ ಬಂದವರು. ಮಗ 1978ರಲ್ಲಿ ಸಿಂಧನೂರಿನಲ್ಲೇ ಹುಟ್ಟಿದ. ಸೊಸೆ 1998ರಲ್ಲಿ ಬಾಂಗ್ಲಾದೇಶದಿಂದ ಕಾಗದಪತ್ರ ಇಲ್ಲದೆ ಬಂದವಳು. ಮೊಮ್ಮಗ 2006ರಲ್ಲಿ ಹುಟ್ಟಿದ. ಒಂದೇ ಅಡುಗೆಮನೆ, ಕಾನೂನಿನ ಲೆಕ್ಕದಲ್ಲಿ ನಾಲ್ಕು ಬೇರೆ ಸ್ಥಿತಿ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದ ನೆಲದಲ್ಲಿ ಹುಟ್ಟಿದವರು ತಂದೆತಾಯಿ ಯಾರೇ ಆಗಿರಲಿ ಹುಟ್ಟಿನಿಂದಲೇ ಪ್ರಜೆಗಳು. ಹಾಗಾಗಿ ಮಗನಿಗೆ ಸಿಎಎ ಬೇಡ, ಜನನ ಪ್ರಮಾಣಪತ್ರ ಗಟ್ಟಿ ಮಾಡಿಕೊಂಡರೆ ಸಾಕು. 1987ರ ಜುಲೈ 1ರಿಂದ ಈಚೆಗೆ, 2004ರ ಡಿಸೆಂಬರ್ 3ರ ಮೊದಲು ಹುಟ್ಟಿದ್ದರೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೇ ಒಬ್ಬರು ಪ್ರಜೆ, ಇನ್ನೊಬ್ಬರು ಅಕ್ರಮ ವಲಸಿಗರಲ್ಲ ಎಂದಿರಬೇಕು. ಇಲ್ಲೇ ಆ ಮೊಮ್ಮಗ ಸಿಕ್ಕಿಹಾಕಿಕೊಳ್ಳುವುದು: ಅಪ್ಪ ಪ್ರಜೆಯಾದರೂ ಅಮ್ಮನ ಸ್ಥಿತಿ ಅವನಿಗೆ ಅಡ್ಡ ಬರುತ್ತದೆ. ಆದ್ದರಿಂದ ಆ ಮನೆಯಲ್ಲಿ ಮೊದಲು ಅರ್ಜಿ ಹಾಕಬೇಕಾದವಳು ಸೊಸೆ. ಅವಳಿಗೆ ಪೌರತ್ವ ಸಿಕ್ಕರೆ ಭಾರತಕ್ಕೆ ಕಾಲಿಟ್ಟ ದಿನದಿಂದಲೇ ಪ್ರಜೆ ಎಂದು ಕಾಯ್ದೆ ಎಣಿಸುತ್ತದೆ. ಮೊಮ್ಮಗನ ವಾದಕ್ಕೂ ಅಲ್ಲಿಂದಲೇ ಬಲ ಬರುತ್ತದೆ. ಅಜ್ಜನ ವಿಷಯದಲ್ಲಿ ಒಮ್ಮೆ ಟ್ರಂಕ್ ತಡಕುವುದು ಒಳ್ಳೆಯದು. 1955ರ ಪೌರತ್ವ ಕಾಯ್ದೆಯಡಿ ಅಂದೇ ನೋಂದಣಿಯಾಗಿದ್ದ ಪ್ರಮಾಣಪತ್ರ ಒಳಗೆ ಮಡಚಿ ಬಿದ್ದಿದ್ದರೆ ಅವರ ಮಟ್ಟಿಗೆ ಕೆಲಸ ಎಂದೋ ಮುಗಿದಿದೆ.

ಇನ್ನು ಮತದಾರರ ಪಟ್ಟಿಯಲ್ಲಿ ಹೆಸರಿದ್ದವರ ಇಕ್ಕಟ್ಟು. ಪಟ್ಟಿಗೆ ಸೇರುವಾಗ 'ನಾನು ಭಾರತದ ಪ್ರಜೆ' ಎಂದು ಸಹಿ ಹಾಕಿರುತ್ತಾರೆ, ಇಲ್ಲಿ ಅಲ್ಲ ಎಂದು ಹಾಕಬೇಕು. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 31ನೇ ಸೆಕ್ಷನ್ ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಎನ್ನುತ್ತದೆ. ಇಂಥವರು ವಕೀಲರೊಬ್ಬರಿಗೆ ಕಾಗದ ತೋರಿಸದೆ ಮುಂದೆ ಹೋಗಬಾರದು. ರೇಷನ್ ಕಾರ್ಡ್ ಹೋಗುತ್ತದೆ ಎಂಬ ಭಯಕ್ಕೆ ಮಾತ್ರ ಕಾಯ್ದೆಯಲ್ಲೇ ಉತ್ತರ ಇದೆ: ಅರ್ಜಿ ಸ್ವೀಕಾರವಾದ ದಿನ ಯಾವ ಹಕ್ಕು ಸೌಲಭ್ಯಗಳಿದ್ದವೋ, ಅರ್ಜಿ ಹಾಕಿದ ಕಾರಣಕ್ಕೆ ಅವನ್ನು ಕಿತ್ತುಕೊಳ್ಳುವಂತಿಲ್ಲ. ಅಕ್ರಮ ವಲಸೆಯ ಕೇಸು ನಡೆಯುತ್ತಿದೆ ಎಂಬ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತೆಯೂ ಇಲ್ಲ. ಪೌರತ್ವ ಸಿಕ್ಕ ಮೇಲೆ ಆ ಕೇಸು ತಾನಾಗಿ ನಿಲ್ಲುತ್ತದೆ.

ಶ್ರೀಲಂಕಾದಿಂದ ಬಂದ ತಮಿಳು ಹಿಂದೂಗಳಿಗೆ, ಭೂತಾನದಿಂದ ಹೊರಬಿದ್ದ ನೇಪಾಳಿ ಮಾತಿನ ಹಿಂದೂಗಳಿಗೆ ಈ ಪೋರ್ಟಲ್ ಇಲ್ಲ. ಮೂರು ದೇಶ ಎಂದರೆ ಮೂರೇ ದೇಶ. 2025ರಲ್ಲಿ ಇನ್ನೊಂದು ಗೊಂದಲ ಸೇರಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯ ಜೊತೆಗಿನ ವಿನಾಯಿತಿ ಆದೇಶ 2024ರ ಡಿಸೆಂಬರ್ 31ರವರೆಗೆ ಬಂದ ಇದೇ ಸಮುದಾಯಗಳನ್ನು ದಂಡನೆಯಿಂದ ಹೊರಗಿಟ್ಟಿತು. 'ಸಿಎಎ ಗಡುವು ಹತ್ತು ವರ್ಷ ಮುಂದೆ ಹೋಯಿತಂತೆ' ಎಂದು ಸುದ್ದಿ ಹರಡಿದ್ದು ಆಗಲೇ. ಹೋಗಿಲ್ಲ. ಆ ಆದೇಶ ಇಲ್ಲಿ ಇರಲು ಬಿಡುತ್ತದೆ, ಪೌರತ್ವ ಕೊಡುವುದಿಲ್ಲ. 2015ರಿಂದ ಈಚೆಗೆ ಬಂದವರು ದೀರ್ಘಾವಧಿ ವೀಸಾ ಮಾಡಿಸಿಕೊಂಡು ಹಳೆಯ ದಾರಿಯಲ್ಲೇ ಕಾಯಬೇಕು.

ಈಗ ಕಾಗದ. ಬೇಕಾದದ್ದು ಮೂರು ಪುರಾವೆ: ಯಾವ ದೇಶದವರು, ಯಾವಾಗ ಬಂದಿರಿ, ಯಾವ ಸಮುದಾಯದವರು.

ಮೊದಲನೆಯದೇ ಗಂಟಲಲ್ಲಿ ಸಿಕ್ಕುವ ಮುಳ್ಳು. ಪಾಸ್‌ಪೋರ್ಟ್, ಜನನ ಪತ್ರ, ಶಾಲೆಯ ಪತ್ರ, ಗುರುತಿನ ಚೀಟಿ, ಜಮೀನು ಅಥವಾ ಬಾಡಿಗೆ ದಾಖಲೆ, ಪರವಾನಗಿ, ವಿದೇಶಿಯರ ನೋಂದಣಿ ಕಚೇರಿಯ ಪತ್ರ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಅವಧಿ ಮುಗಿದಿದ್ದರೂ ನಡೆಯುತ್ತದೆ. ತಂದೆತಾಯಿ, ಅಜ್ಜಅಜ್ಜಿ, ಮುತ್ತಾತ ಮುತ್ತಜ್ಜಿ, ಇವರಲ್ಲಿ ಒಬ್ಬರು ಆ ದೇಶದವರೆಂದು ತೋರಿಸಿದರೂ ಸರಿ. ಪಟ್ಟಿ ಉದಾರವಾಗಿದೆ, ಒಪ್ಪಬೇಕು. ಆದರೆ ಮನೆಗೆ ಬೆಂಕಿ ಬಿದ್ದು ರಾತ್ರೋರಾತ್ರಿ ಗಡಿ ದಾಟಿದವರು ಜಮೀನಿನ ಪತ್ರ ಕಂಕುಳಲ್ಲಿ ಇಟ್ಟುಕೊಂಡು ಬರುವುದಿಲ್ಲ. ಈ ದೂರು ಮೇಲೆ ಮುಟ್ಟಿದ ಮೇಲೆ 2024ರ ಜುಲೈನಲ್ಲಿ ಗೃಹ ಸಚಿವಾಲಯ ಒಂದು ಸ್ಪಷ್ಟನೆ ಕೊಟ್ಟಿತು: ಭಾರತದಲ್ಲೇ ಕೇಂದ್ರ ಅಥವಾ ರಾಜ್ಯ ಸರ್ಕಾರ, ಕೋರ್ಟು, ಕೋರ್ಟಿನಂಥ ಪ್ರಾಧಿಕಾರ ಕೊಟ್ಟ ಯಾವುದಾದರೂ ಕಾಗದದಲ್ಲಿ ಅರ್ಜಿದಾರರನ್ನೋ ಅವರ ಹಿರಿಯರನ್ನೋ ಆ ಮೂರು ದೇಶಗಳಿಂದ ಬಂದವರೆಂದು ಗುರುತಿಸಿದ್ದರೆ ಅದೂ ನಡೆಯುತ್ತದೆ.

ಪುನರ್ವಸತಿ ಕ್ಯಾಂಪಿನವರಿಗೆ ಈ ಒಂದು ಸಾಲು ಬಂಗಾರ. ಅಜ್ಜನ ಹೆಸರಿಗೆ ಜಮೀನು ಕೊಟ್ಟ ಆದೇಶದಲ್ಲಿ 'ಪೂರ್ವ ಪಾಕಿಸ್ತಾನದ ನಿರಾಶ್ರಿತ' ಎಂಬ ಎರಡು ಮೂರು ಪದ ಇದ್ದು, ಮೇಲೆ ತಾರೀಕು, ಕೆಳಗೆ ಸೀಲು ಇದ್ದರೆ ಅಜ್ಜನಿಗೆ ಮೊದಲ ಪುರಾವೆಯೂ ಅದೇ, ಎರಡನೆಯದೂ ಅದೇ. ಪಹಣಿ ಸಾಲದು. ಪಹಣಿಯಲ್ಲಿ ಹೆಸರು, ಸರ್ವೆ ನಂಬರು ಇರುತ್ತದೆಯೇ ಹೊರತು ಎಲ್ಲಿಂದ ಬಂದವರು ಎಂಬುದು ಇರುವುದಿಲ್ಲ. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಿಂದ ಮೂಲ ಮಂಜೂರಾತಿ ಆದೇಶದ ದೃಢೀಕೃತ ನಕಲು ತೆಗೆಸಬೇಕು. ಅರ್ಜಿಯಲ್ಲಿ 'ಜಮೀನಿನ ಕಾಗದ ಕೊಡಿ' ಎಂದು ಬರೆದರೆ ಕೈಗೆ ಬರುವುದು ಪಹಣಿಯೇ. 'ಮಂಜೂರಾತಿ ಆದೇಶ ಮತ್ತು ಅದರ ಜೊತೆಗಿನ ಫಲಾನುಭವಿ ಪಟ್ಟಿ' ಎಂದು ಬಿಡಿಸಿ ಬರೆಯಿರಿ.

ಅಲ್ಲಿಂದಲೇ ತಂದ ಬಂಗಾಳಿ ಕಾಗದ ಇದ್ದವರು ತಾರೀಕಿನ ಬಗ್ಗೆ ಎಚ್ಚರ. ಹಳೆಯ ದಲೀಲ್ (ಕ್ರಯಪತ್ರದಂಥ ದಸ್ತಾವೇಜು), ಪೋರ್ಚಾ (ಜಮೀನಿನ ಹಕ್ಕುದಾಖಲೆ)ಗಳಲ್ಲಿ ಬಂಗಾಬ್ದ, ಅಂದರೆ ಬಂಗಾಳಿ ಪಂಚಾಂಗದ ವರ್ಷ ಇರುತ್ತದೆ. 1371 ಎಂದು ಕಂಡರೆ ಅದಕ್ಕೆ 593 ಕೂಡಿಸಿ: 1964. ಜನವರಿಯಿಂದ ಏಪ್ರಿಲ್ ನಡುವಿನ ತಿಂಗಳಾದರೆ 594 ಕೂಡಿಸಬೇಕು, ಯಾಕೆಂದರೆ ಅವರ ಹೊಸ ವರ್ಷ ಏಪ್ರಿಲ್ ಮಧ್ಯದಲ್ಲಿ, ಬೈಶಾಖದಲ್ಲಿ ಶುರು. ಬಂಗಾಳಿ ಅಂಕಿಗಳಲ್ಲಿ ನಾಲ್ಕು ಇಂಗ್ಲಿಷಿನ ಎಂಟರಂತೆ, ಏಳು ಒಂಬತ್ತರಂತೆ ಕಾಣುತ್ತದೆ. ಅನುವಾದ ಮಾಡುವವರು ಬಂಗಾಳಿ ಓದಬಲ್ಲವರೇ ಆಗಿರಲಿ, ಟೈಪಿಂಗ್ ಅಂಗಡಿಯವರಲ್ಲ. ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಮೂಲದ ಜೊತೆಗಿದ್ದರೆ ಕಾಗದ ಪರಿಶೀಲಿಸುವ ಜಿಲ್ಲಾ ಸಮಿತಿಯ ಎದುರು ಅರ್ಧ ಮಾತು ಉಳಿಯುತ್ತದೆ.

ಎರಡನೆಯ ಪುರಾವೆ, ಅಂದರೆ 2014ರೊಳಗೆ ಬಂದದ್ದು, ಸುಲಭ. ವೀಸಾ ಮೇಲಿನ ಮುದ್ರೆ, ಆಧಾರ್, ಪ್ಯಾನ್, ರೇಷನ್ ಕಾರ್ಡ್, ಡಿಎಲ್, ಬ್ಯಾಂಕ್ ಅಥವಾ ಅಂಚೆ ಖಾತೆ, ಕರೆಂಟ್ ಬಿಲ್, ವಿಮೆ ಪಾಲಿಸಿ, ಪಿಎಫ್ ದಾಖಲೆ, ಶಾಲೆಯ ಟಿಸಿ, ಮದುವೆ ಪತ್ರ, ಇಲ್ಲಿ ಹುಟ್ಟಿದ ಮಗುವಿನ ಜನನ ಪತ್ರ, ಕೊನೆಗೆ ಗ್ರಾಮ ಪಂಚಾಯಿತಿ ಸದಸ್ಯರು ಅಥವಾ ಕಂದಾಯ ಅಧಿಕಾರಿ ಕೊಟ್ಟ ಪತ್ರ, ಇಷ್ಟು ದೊಡ್ಡ ಪಟ್ಟಿಯಲ್ಲಿ ಒಂದಾದರೂ ಇರುತ್ತದೆ. ಎಡವುವುದು ತಾರೀಕಿನಲ್ಲಿ. ನಿನ್ನೆ ಡೌನ್‌ಲೋಡ್ ಮಾಡಿದ ಆಧಾರ್‌ನಲ್ಲಿ ಎರಡು ತಾರೀಕು ಇರುತ್ತವೆ. ಬೇಕಾದದ್ದು ಆಧಾರ್ ಕೊಟ್ಟ ದಿನ, ಡೌನ್‌ಲೋಡ್ ಮಾಡಿದ ದಿನವಲ್ಲ. ಹಳೆಯ ಪ್ಯಾನ್ ಕಾರ್ಡಿನ ಬಲ ಅಂಚಿನಲ್ಲಿ ಅಡ್ಡ ತಿರುಗಿ ನಿಂತ ಎಂಟು ಸಣ್ಣ ಅಂಕಿಗಳೇ ವಿತರಣೆಯ ತಾರೀಕು. ಸ್ಕ್ಯಾನ್‌ನಲ್ಲಿ ಅದೇ ಮಸುಕಾಗುವುದು. ರೇಷನ್ ಕಾರ್ಡ್ ಹೊಸದಾಗಿ ಕೊಟ್ಟದ್ದಾದರೆ ಅದರಲ್ಲಿ ಹಳೆಯ ಇತಿಹಾಸ ಇರುವುದಿಲ್ಲ, ಹಳೆಯ ಕಾರ್ಡನ್ನೇ ಹುಡುಕಿ. ಕರೆಂಟ್ ಬಿಲ್ ಕಳೆದಿದ್ದರೆ ಆರ್‌.ಆರ್. ನಂಬರ್ ಹಿಡಿದು ಜೆಸ್ಕಾಂ ಕಚೇರಿಯಲ್ಲಿ ಸಂಪರ್ಕ ಕೊಟ್ಟ ದಿನಾಂಕದ ಪತ್ರ ಕೇಳಬಹುದು. ಮುನಾಬಾವ್ ಅಥವಾ ಅಟ್ಟಾರಿ ಗಡಿ ನಿಲ್ದಾಣದ ಮೂಲಕ ವೀಸಾ ಹಿಡಿದು ಬಂದ ಸಿಂಧ್‌ನ ಕುಟುಂಬಗಳಿಗೆ ಈ ತಲೆನೋವೇ ಇಲ್ಲ. ಪಾಸ್‌ಪೋರ್ಟಿನ ಒಂದೇ ಪುಟದಲ್ಲಿ ಎರಡು ಪುರಾವೆ ಕೂತಿರುತ್ತವೆ. ಅವರಿಗೆ ದೊಡ್ಡ ಹೊರೆ ಇಳಿದದ್ದು ಬೇರೆ ಕಡೆ. ಮೊದಲೆಲ್ಲ ಪಾಕಿಸ್ತಾನಿ ಪೌರತ್ವ ಬಿಟ್ಟುಕೊಟ್ಟ ಪತ್ರಕ್ಕಾಗಿ ದೆಹಲಿಯ ಅವರ ಹೈಕಮಿಷನ್ ಬಾಗಿಲು ಕಾಯಬೇಕಿತ್ತು. ಈಗ 'ನನ್ನ ಅರ್ಜಿ ಒಪ್ಪಿಗೆಯಾದರೆ ಆ ದೇಶದ ಪೌರತ್ವ ಬಿಟ್ಟಂತೆ' ಎಂಬ ಘೋಷಣೆ ಸಾಕು. ಇಡೀ ವ್ಯವಸ್ಥೆಯಲ್ಲಿ ಅತಿ ಒಳ್ಳೆಯ ಬದಲಾವಣೆ ಯಾವುದೆಂದರೆ ಇದೇ.

ಮೂರನೆಯದು ಸಮುದಾಯದ ಪತ್ರ. ಸ್ಥಳೀಯವಾಗಿ ಹೆಸರಿರುವ ಸಮುದಾಯ ಸಂಸ್ಥೆ ಕೊಟ್ಟರೆ ಸಾಕು, ದೇವಸ್ಥಾನ ಸಮಿತಿಯ ಲೆಟರ್‌ಹೆಡ್ ಆದೀತು. ಅರ್ಜಿದಾರರು ಈ ಸಮುದಾಯದವರು, ಈಗಲೂ ಅದರಲ್ಲೇ ಮುಂದುವರಿದಿದ್ದಾರೆ ಎಂಬ ಎರಡೂ ಮಾತು ಬೇಕು. ಎರಡನೆಯದನ್ನು ಬಿಟ್ಟುಬಿಡುವುದು ಮಾಮೂಲಿ ತಪ್ಪು. ಇದಕ್ಕೆ ದುಡ್ಡು ಕೇಳುವ ಸಂಘಗಳಿದ್ದರೆ ದೂರ ನಿಲ್ಲಿ. ಇದರ ಜೊತೆ ಎರಡು ಅಫಿಡವಿಟ್: ಅರ್ಜಿಯಲ್ಲಿ ಬರೆದದ್ದು ನಿಜ ಎಂದು ನಿಮ್ಮದು, ನಿಮ್ಮ ನಡತೆಗೆ ಸಾಕ್ಷಿಯಾಗಿ ಒಬ್ಬ ಭಾರತೀಯ ಪ್ರಜೆಯದು. ಪಕ್ಕದ ಮನೆಯವರೂ ಇದೇ ಅರ್ಜಿ ಹಾಕುವವರಾಗಿದ್ದರೆ ಅವರು ಸಾಕ್ಷಿಯಾಗುವಂತಿಲ್ಲ. ಊರಿನ ಮೇಷ್ಟ್ರನ್ನೋ ಅಂಗಡಿಯವರನ್ನೋ ಕೇಳಿ.

ಎಲ್ಲ ಕಾಗದ ಸಿಕ್ಕ ಮೇಲೂ ಕೈ ಕೊಡುವುದು ಹೆಸರು. ಬಂಗಾಳಿಯಲ್ಲಿ 'ಅ' ಸ್ವರ 'ಒ'ದಂತೆ ಕೇಳುತ್ತದೆ. ಹಾಗಾಗಿ ಗಡಿಯಲ್ಲಿ ಬರೆದವರಿಗೆ ಅದು ಮೊಂಡಲ್, ನಮ್ಮ ಗ್ರಾಮ ಲೆಕ್ಕಿಗರಿಗೆ ಮಂಡಲ, ಆಧಾರ್ ಆಪರೇಟರ್‌ಗೆ ಮಂಡಲ್. ಬಿಶ್ವಾಸ್ ಬಿಸ್ವಾಸ್ ಆಗುತ್ತದೆ, ವಿಶ್ವಾಸ್ ಕೂಡ ಆಗುತ್ತದೆ. ನಮ್ಮ ಕಚೇರಿಗಳ ಅಭ್ಯಾಸದಂತೆ ಅಪ್ಪನ ಹೆಸರನ್ನು ಕೊನೆಗೆ ಸೇರಿಸಿ ಕೊಟ್ಟದ್ದೂ ಉಂಟು. ಅರ್ಜಿ ತುಂಬುವ ಮೊದಲು ಒಂದು ಹಾಳೆಯ ಮೇಲೆ ಗೆರೆ ಎಳೆದು ಪ್ರತಿ ಕಾಗದದಲ್ಲಿ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಹೇಗಿದೆ ಎಂದು ಅಕ್ಷರ ಅಕ್ಷರ ಬರೆದುಕೊಳ್ಳಿ. ಅರ್ಜಿಯಲ್ಲಿ ಮೊದಲ ಪುರಾವೆಯಲ್ಲಿರುವ ಹೆಸರನ್ನೇ ಹಿಡಿಯುವುದು ಒಳ್ಳೆಯದು. ಆಧಾರ್ ತಿದ್ದಬಹುದು, 1964ರ ದಲೀಲ್ ತಿದ್ದಲಾಗದು. ಉಳಿದ ರೂಪಗಳೆಲ್ಲ ಒಬ್ಬರವೇ ಎಂದು ಒಂದು ಅಫಿಡವಿಟ್ ಮಾಡಿಸಿ, ಎಲ್ಲ ಕಾಗುಣಿತಗಳನ್ನೂ ಅದರಲ್ಲಿ ಹೆಸರಿಸಿ.

ಪೋರ್ಟಲ್ ಕೆಲಸ ಇದಕ್ಕೆ ಹೋಲಿಸಿದರೆ ಏನೂ ಅಲ್ಲ. ಗೃಹ ಸಚಿವಾಲಯದ ಇಂಡಿಯನ್ ಸಿಟಿಜನ್‌ಶಿಪ್ ಆನ್‌ಲೈನ್ ತಾಣ, ವಿಳಾಸದ ಕೊನೆಗೆ ಡಾಟ್ ಎನ್‌ಐಸಿ ಡಾಟ್ ಇನ್ ಇದೆಯೇ ನೋಡಿ. ಸಿಎಎ-2019 ಎಂಬ ಮೊಬೈಲ್ ಆ್ಯಪ್ ಕೂಡ ಇದೆ. ಮೊಬೈಲ್ ನಂಬರ್, ಇಮೇಲ್ ಕೊಟ್ಟು ಒಟಿಪಿಯಿಂದ ಒಳಗೆ ಹೋಗಬೇಕು. ನಂಬರ್ ನಿಮ್ಮದೇ ಆಗಿರಲಿ. ಸೈಬರ್ ಅಂಗಡಿಯವರ ನಂಬರ್ ಕೊಟ್ಟರೆ ಸಮಿತಿಯ ಮುಂದೆ ಬರಲು ಹೇಳಿದ ಸಂದೇಶ ಅವರಿಗೆ ಹೋಗುತ್ತದೆ, ನಿಮಗೆ ತಿಳಿಯುವುದೇ ಇಲ್ಲ. ಕುಟುಂಬಕ್ಕೆ ಒಂದೇ ಅರ್ಜಿ ಎಂಬುದಿಲ್ಲ, ತಲೆಗೊಂದು. ನಮೂನೆ ಆರಿಸುವಲ್ಲಿ ಸ್ವಲ್ಪ ನಿಧಾನಿಸಿ. ಸ್ವತಃ ತಾವೋ ತಂದೆ ತಾಯಿಯರಲ್ಲಿ ಒಬ್ಬರೋ ಅವಿಭಜಿತ ಭಾರತದಲ್ಲಿ ಹುಟ್ಟಿದ್ದರೆ 2ಎ. ಖುಲ್ನಾ, ಬಾರಿಸಾಲ್, ಥರ್‌ಪಾರ್ಕರ್ ಎಲ್ಲವೂ 1947ಕ್ಕೆ ಮೊದಲು ಅವಿಭಜಿತ ಭಾರತವೇ. ಭಾರತೀಯರನ್ನು ಮದುವೆಯಾದವರಿಗೆ 3ಎ, ಪ್ರಜೆಗಳ ಅಪ್ರಾಪ್ತ ಮಕ್ಕಳಿಗೆ 4ಎ. ಯಾವುದೂ ಹೊಂದದಿದ್ದರೆ 8ಎ. ಈ 8ಎಯಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ ಒಂದು ಭಾಷೆ ಗೊತ್ತಿರಬೇಕು ಎಂದಿದೆ. ಮಾತಾಡಲು ಬಂದರೂ ಸಾಕು, ಓದುಬರಹ ಬಾರದ ಅಜ್ಜಿ ಹೆದರಬೇಕಿಲ್ಲ. ಬಂಗಾಳಿ, ಸಿಂಧಿ ಎರಡೂ ಆ ಪಟ್ಟಿಯಲ್ಲಿವೆ, ಕನ್ನಡವಂತೂ ಇದ್ದೇ ಇದೆ.

ಅಪ್‌ಲೋಡ್ ಮಾಡುವಾಗ ಹಳೆಯ ಕಾಗದವನ್ನು ಲ್ಯಾಮಿನೇಟ್ ಮಾಡಿಸಬೇಡಿ. ಮೇಲಿನ ಹೊಳಪು ಸೀಲನ್ನು ನುಂಗುತ್ತದೆ. ಬೆನ್ನಿನ ಪುಟವನ್ನೂ ಸ್ಕ್ಯಾನ್ ಮಾಡಿ, ದೃಢೀಕರಣದ ಮುದ್ರೆ ಬಹಳ ಸಲ ಅಲ್ಲೇ ಇರುತ್ತದೆ. ಪ್ರಮಾಣಪತ್ರ ಡಿಜಿಟಲ್ ಪ್ರತಿಯಾಗಿ ಬರುತ್ತದೆ. ಶಾಯಿಯ ಸಹಿ ಇರುವ ಪ್ರತಿ ಬೇಕಿದ್ದರೆ ಅರ್ಜಿಯಲ್ಲೇ ಹೇಳಬೇಕು. ಹೇಳಿ. ಹಳ್ಳಿಯ ಕಚೇರಿಗಳಲ್ಲಿ ಇಂದಿಗೂ ಶಾಯಿಗೇ ಬೆಲೆ. ಶುಲ್ಕ 50 ರೂಪಾಯಿ. ಏಜೆಂಟರು ಇದಕ್ಕಿಂತ ಎಷ್ಟು ಹೆಚ್ಚು ಹೇಳಿದರೂ ಅದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ನಮೂನೆಯೇ ಅರ್ಥವಾಗದಿದ್ದರೆ 1032ಕ್ಕೆ ಉಚಿತವಾಗಿ ಫೋನ್ ಮಾಡಬಹುದು, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಎಂದು ಸಚಿವಾಲಯ ಹೇಳಿದೆ. ಇಂಗ್ಲಿಷ್ ಬಾರದವರು ತಾವೇ ಕೂತು ತುಂಬುವಂಥ ಪೋರ್ಟಲ್ ಮಾತ್ರ ಇದಲ್ಲ. ನಮ್ಮ ಅಂಕಪಟ್ಟಿಯಲ್ಲಿ ಇದಕ್ಕೆ ಅತಿ ಕಡಿಮೆ ಅಂಕ ಬೀಳುವುದು ಇಲ್ಲೇ.

ಅರ್ಜಿ ಹೋಗುವುದು ಜಿಲ್ಲಾಧಿಕಾರಿಗಲ್ಲ, ಅಂಚೆ ಇಲಾಖೆಗೆ. ಜಿಲ್ಲಾ ಮಟ್ಟದ ಸಮಿತಿಗೆ ಅಂಚೆ ಸೂಪರಿಂಟೆಂಡೆಂಟ್ ಮುಖ್ಯಸ್ಥರು. ಸಿಂಧನೂರಿನವರಿಗೆ ಅದು ಮಾನ್ವಿ ದಾಟಿ ರಾಯಚೂರು, ಹೋಗಿಬರಲು ಒಂದು ದಿನದ ಕೂಲಿ ಹೋಯಿತು ಎಂದೇ ಲೆಕ್ಕ. ಕರೆದ ದಿನ ಖುದ್ದಾಗಿ ಹೋಗಬೇಕು, ಅಪ್‌ಲೋಡ್ ಮಾಡಿದ ಪ್ರತಿಯೊಂದರ ಮೂಲ ಕೈಯಲ್ಲಿರಬೇಕು. ಅವಕಾಶ ಕೊಟ್ಟರೂ ಬಾರದಿದ್ದರೆ ತಿರಸ್ಕಾರಕ್ಕೆ ಕಳಿಸುತ್ತಾರೆ. ನಾಟಿ ಕಾಲ, ಕಟಾವಿನ ಕಾಲ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಕಾಗದ ಸರಿ ಕಂಡರೆ ಅಲ್ಲೇ ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಬೋಧಿಸಿ ಸಹಿ ಹಾಕಿಸುತ್ತಾರೆ. ಪ್ರಮಾಣ ಆಯಿತು ಎಂದರೆ ಪೌರತ್ವ ಸಿಕ್ಕಿತು ಎಂದಲ್ಲ. ಆಮೇಲೆ ಕಡತ ರಾಜ್ಯದ ಅಧಿಕಾರಯುಕ್ತ ಸಮಿತಿಗೆ ಹೋಗುತ್ತದೆ. ಅದರ ಅಧ್ಯಕ್ಷರು ಜನಗಣತಿ ನಿರ್ದೇಶಕರು, ಜೊತೆಗೆ ಗುಪ್ತಚರ ವಿಭಾಗ, ವಿದೇಶಿಯರ ನೋಂದಣಿ ಕಚೇರಿ, ಅಂಚೆ ಇಲಾಖೆಯವರು ಇರುತ್ತಾರೆ. ಬೇಕೆನಿಸಿದರೆ ಅವರು ವಿಚಾರಣೆಯನ್ನೂ ಮಾಡಿಸಬಹುದು. ಅಲ್ಲಿ ಒಪ್ಪಿಗೆಯಾದ ಮೇಲೆಯೇ ಪ್ರಮಾಣಪತ್ರ. ಆ ನಡುವಿನ ಅವಧಿಯಲ್ಲಿ ಯಾರೂ ಫಾರ್ಮ್ 6 ತುಂಬಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಬಾರದು. ತಿರಸ್ಕಾರವಾದರೆ ಆದೇಶದ ದಿನದಿಂದ 30 ದಿನದೊಳಗೆ ಕೇಂದ್ರ ಸರ್ಕಾರಕ್ಕೆ ಪುನರ್‌ಪರಿಶೀಲನೆಗೆ ಅರ್ಜಿ ಹಾಕಲು ಪೌರತ್ವ ಕಾಯ್ದೆಯ 15ನೇ ಸೆಕ್ಷನ್ ದಾರಿ ಇಟ್ಟಿದೆ.

ಪ್ರಮಾಣಪತ್ರ ಬಂದರೆ ಪಾಸ್‌ಪೋರ್ಟ್, ಮತದಾನ, ಸರ್ಕಾರಿ ಕೆಲಸದ ಅರ್ಜಿ ಎಲ್ಲಕ್ಕೂ ಬಾಗಿಲು ತೆರೆಯುತ್ತದೆ. ಜಾತಿ ಪ್ರಮಾಣಪತ್ರಕ್ಕೆ ಮಾತ್ರ ಇಲ್ಲ. ಕ್ಯಾಂಪ್‌ಗಳಲ್ಲಿ ಬಹಳಷ್ಟು ಕುಟುಂಬಗಳು ನಾಮಶೂದ್ರರು. ಪಶ್ಚಿಮ ಬಂಗಾಳದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಆ ಹೆಸರಿದೆ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ. ಆ ಪಟ್ಟಿ ರಾಜ್ಯಕ್ಕೊಂದು, ಅದನ್ನು ಬದಲಿಸುವುದು ಸಂಸತ್ತು. ಅಂಚೆ ಸೂಪರಿಂಟೆಂಡೆಂಟರ ಮುಂದೆ ಈ ಮಾತು ಎತ್ತಿದರೆ ಅವರಿಗೂ ಉತ್ತರ ಇರುವುದಿಲ್ಲ.